ಲಿಫ್ಟ್ ಮೇಸ್ತ್ರಿ ಮಗಳಿಗೆ ಶಾಲೆ ಹುಡುಕಿದ್ದು

"ಹುಡುಗಿ ಬುದ್ಧಿವಂತೆ. ಆದರೆ ಅನಗತ್ಯ ಪ್ರಶ್ನೆ ಕೇಳುವ ಅಭ್ಯಾಸವನ್ನು ಮನೆಯಲ್ಲಿ ಬಿಡಿಸತಕ್ಕದ್ದು."

ಆರನೇ ತರಗತಿಯ ಅಂಕಪಟ್ಟಿಯ ಅಡಿಯಲ್ಲಿ ಕ್ಲಾಸ್ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ಈ ಎರಡು ಸಾಲು ಲಿಫ್ಟ್ ಮೇಸ್ತ್ರಿಯ ಹೊಟ್ಟೆಯಲ್ಲಿ ಇವತ್ತಿಗೂ ಉರಿಯುತ್ತಿವೆ. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟು ಕೊಟ್ಟ ಮನುಷ್ಯ, ಅದೇ ಕೈಯಲ್ಲಿ ಪೆನ್ನು ಬದಲಾಯಿಸಿ, ಈ ಮಗುವಿನ ಬಾಯಿ ಮುಚ್ಚಿಸಿ ಅಂತ ಬರೆಯುತ್ತಾನೆಂದರೆ ಅವನಿಗೆ ಏನು ಹೇಳೋಣ?

"ಬಿಡಿಸತಕ್ಕದ್ದಂತೆ! ಇದೇನು ಬೀಡಿ ಚಟವೇನೋ?" ಎಂದು ಮೇಸ್ತ್ರಿ ಆವತ್ತು ಕೂಗಾಡಿದ್ದು ಎರಡು ಮನೆ ಆಚೆಗೂ ಕೇಳಿತ್ತು. ಶಾಲೆಗೆ ಹೋಗಿ ಕೇಳಿಯೇ ಬರುತ್ತೇನೆಂದು ಚಪ್ಪಲಿ ಮೆಟ್ಟಿದವನನ್ನು ಹೆಂಡತಿ ತೋಳು ಹಿಡಿದು ನಿಲ್ಲಿಸಿದ್ದಳು. ಹೋಗದೇ ಇದ್ದದ್ದಕ್ಕೆ ಅವನಿಗೆ ಇನ್ನೂ ಸಂಕಟವಿದೆ.

ಮೇಸ್ತ್ರಿಯ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. ಬರುವುದೂ ಬೇಗ, ಇಳಿಯುವುದೂ ಬೇಗ. ಆದರೆ ಇಳಿಯುವಷ್ಟರಲ್ಲಿ ಬಾಯಿಂದ ಬರಬಾರದ್ದೆಲ್ಲ ಬಂದು ಮುಗಿದಿರುತ್ತದೆ. ಓದಿದ್ದು ಏಳನೇ ತರಗತಿ, ಅದೂ ಅರ್ಧ. ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ರಿಪೇರಿ. ಕೇಬಲ್ಲಿನ ಸದ್ದು ಕೇಳಿಯೇ ಯಾವ ಗಾಲಿ ಒಣಗಿದೆ ಎಂದು ಹೇಳಬಲ್ಲವನು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇವನ ಕೂಗಾಟಕ್ಕೆ ಅವಳ ಉತ್ತರವೆಂದರೆ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುವುದು. ಇವರಿಬ್ಬರಿಗೆ ಒಬ್ಬಳೇ ಮಗಳು, ಹನ್ನೆರಡು ವರ್ಷ. ಬೀದಿಯವರು ಅವಳಿಗೆ ಇಟ್ಟ ಹೆಸರು ಯಾಕಮ್ಮ. ಹಾಲು ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ? ಬಟ್ಟೆ ಒದ್ದೆಯಾದರೆ ಬಣ್ಣ ಯಾಕೆ ಗಾಢವಾಗುತ್ತೆ? ಬೆಳಗ್ಗೆ ಎದ್ದರೆ ಶುರು.

ಕೆಂಪು ಶಾಯಿಗೆ ಕಾರಣವಾದ ಪ್ರಶ್ನೆ ಹುಟ್ಟಿದ್ದು ಅಪ್ಪನ ಕೆಲಸದ ಜಾಗದಲ್ಲೇ. ಹತ್ತು ಮಹಡಿಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಮೇಸ್ತ್ರಿಯ ಸಾಮಾನಿನ ಕೋಣೆಯಿತ್ತು. ರಜೆಯಲ್ಲಿ ಯಾಕಮ್ಮ ಅಲ್ಲಿಗೆ ಊಟದ ಡಬ್ಬಿ ತರುತ್ತಿದ್ದಳು. ಬರುವಾಗ ಮೆಟ್ಟಿಲು, ಹೋಗುವಾಗ ಲಿಫ್ಟು. ಲಿಫ್ಟಿಗೆ ಕಾಯುತ್ತ ನಿಂತವಳು ಒಂದು ದಿನ ನೋಟ್‌ಬುಕ್ ಹಿಡಿದು ಅಪ್ಪನ ಮುಂದೆ ನಿಂತಳು.

"ಅಪ್ಪಾ, ಐವತ್ತು ಸಲ ಎಣಿಸಿದೀನಿ. ನಲವತ್ತೆರಡು ಸಲ ಲಿಫ್ಟು ಮೇಲಿಂದ ಇಳಿದು ಬಂತು. ಎಂಟೇ ಸಲ ಕೆಳಗಿಂದ ಬಂತು. ಯಾಕೆ? ಮೇಲೇನು ಲಿಫ್ಟ್ ಹುಟ್ಟುತ್ತಾ?"

ಮೇಸ್ತ್ರಿ ತುತ್ತು ಕೈಯಲ್ಲೇ ಹಿಡಿದು ಕೂತ. ಇಪ್ಪತ್ತೆರಡು ವರ್ಷ ಲಿಫ್ಟಿನ ಹೊಟ್ಟೆಯೊಳಗೇ ಕೈಯಾಡಿಸಿದ್ದಾನೆ, ಒಂದು ದಿನವಾದರೂ ಇದು ತಲೆಗೆ ಬಂದಿರಲಿಲ್ಲ. "ಬರುತ್ತೆ ಕಣಮ್ಮ, ಅದು ಹಾಗೇ" ಎಂದ. ಅದು ಉತ್ತರವಲ್ಲ ಅಂತ ಅವನಿಗೂ ಗೊತ್ತಿತ್ತು. ಶಾಲೆ ಶುರುವಾದ ಮೇಲೆ ಅವಳು ಪ್ರಶ್ನೆಯನ್ನು ಕ್ಲಾಸಿಗೆ ಒಯ್ದಳು, ಒಂದಲ್ಲ ನಾಲ್ಕು ಸಲ. ನಾಲ್ಕನೇ ಸಲ ಮೇಷ್ಟ್ರು ಬಾಗಿಲಾಚೆ ನಿಲ್ಲಿಸಿದರು. ವರ್ಷದ ಕೊನೆಗೆ ಕೆಂಪು ಶಾಯಿ.

ಆಮೇಲೆ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಹುಡುಗಿ ತಣ್ಣಗಾದಳು. ಕೇಳುವುದು ದಿನಕ್ಕೊಂದಕ್ಕೆ ಇಳಿಯಿತು, ಆಮೇಲೆ ಅದೂ ಇಲ್ಲ. ಹಾಲು ಉಕ್ಕಿದರೆ ಸುಮ್ಮನೆ ಒರೆಸುತ್ತಿದ್ದಳು. ಯಂತ್ರದ ಮುಂದೆ ಕೂತ ಹೆಂಡತಿ ಒಂದು ಸಂಜೆ ಹೇಳಿದಳು: "ಏನ್ರೀ, ಮನೇಲಿ ಏನೋ ಕೆಟ್ಟು ನಿಂತಂಗಿದೆ." ಮೇಸ್ತ್ರಿಯ ಕಸುಬಿನಲ್ಲಿ ಸದ್ದು ಮಾಡುವ ಯಂತ್ರಕ್ಕಿಂತ ಸದ್ದು ನಿಲ್ಲಿಸಿದ್ದೇ ಹೆಚ್ಚು ಹೆದರಿಸುವುದು.

ಅದೇ ಹೊತ್ತಿಗೆ ಕಂಪನಿಯವರು ಅವನನ್ನು ಬೇರೆ ಊರಿಗೆ ಹಾಕಿದರು. ಅಲ್ಲಿ ಒಂದು ದೊಡ್ಡ ಆಸ್ಪತ್ರೆ, ಹತ್ತು ಮಹಡಿ, ಏಳು ಲಿಫ್ಟು. ಸ್ಟ್ರೆಚರಿನ ಮೇಲೆ ರೋಗಿ ಮಲಗಿರುವಾಗ ಲಿಫ್ಟ್ ನಿಂತರೆ ಹತ್ತು ನಿಮಿಷದೊಳಗೆ ಮೇಸ್ತ್ರಿ ಅಲ್ಲಿರಬೇಕು. ಹಾಗಾಗಿ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಆಯಿತು: ಎರಡು ಕೋಣೆ, ಕಿಟಕಿ ತೆರೆದರೆ ಆಸ್ಪತ್ರೆಯ ಲಾಂಡ್ರಿಯ ಹಬೆ. ನಡೆದು ಹೋಗುವಷ್ಟು ದೂರದಲ್ಲಿ ಮೂರು ಶಾಲೆ. ಹೆಸರು ಸೇರಿಸಲು ತಿಂಗಳ ಹದಿನೈದನೇ ತಾರೀಕು ಕೊನೆ. ಉಳಿದದ್ದು ಆರು ದಿನ.

"ಈ ಸಲ ತಪ್ಪಾಗಕೂಡದು" ಎಂದ ಮೇಸ್ತ್ರಿ. "ಇನ್ನೊಬ್ಬ ಅಂಥವನ ಕೈಗೆ ಸಿಕ್ಕಿದ್ರೆ ಇವಳು ಮುಗಿದಳು."

"ಅಲ್ಲಿ ಹೋಗಿ ಯಾರ ಮೇಲೂ ಹಾರಾಡಬೇಡಿ, ಅಷ್ಟು ಸಾಕು" ಎಂದಳು ಹೆಂಡತಿ.

ಶಾಲೆ ನೋಡುವುದು ಹೇಗೆಂದು ಅವನಿಗೆ ತಿಳಿಯದು. ಆದರೆ ಕಟ್ಟಡ ನೋಡುವುದು ತಿಳಿದಿತ್ತು. ಹೊಸ ಕಟ್ಟಡದ ಕೆಲಸ ಒಪ್ಪಿಕೊಳ್ಳುವಾಗ ಅವನು ಮಾಲೀಕನ ಮಾತು ಕೇಳುವುದಿಲ್ಲ, ಸವೆತ ನೋಡುತ್ತಾನೆ. ಯಾವ ಗುಂಡಿಯ ಅಂಕಿ ಅಳಿಸಿದೆಯೋ ಆ ಮಹಡಿಗೆ ಜನ ಹೋಗುತ್ತಾರೆ. ಮಾಲೀಕ ಏನಾದರೂ ಹೇಳಲಿ, ಸವೆತ ಸುಳ್ಳು ಹೇಳುವುದಿಲ್ಲ. ಶಾಲೆಗೂ ಇದೇ ಸರಿ ಎಂದುಕೊಂಡ.

ಮೊದಲು ಗಾಜಿನ ಶಾಲೆ. ಮುಂಭಾಗವೆಲ್ಲ ಗಾಜು, ಒಳಗೆ ತಂಪು. ಸ್ವಾಗತದ ಹೆಣ್ಣುಮಗಳು ಯಾಕಮ್ಮನಿಗೆ ಅಲ್ಲೇ ಒಂದು ಪರೀಕ್ಷೆ ಕೊಟ್ಟಳು. ಅರವತ್ತಕ್ಕೆ ಐವತ್ತೇಳು ಬಂತು. ಕೂಡಲೇ ಒಳಗಿಂದ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಬಂದರು.

"ನಮ್ಮಲ್ಲಿ ಪ್ರತಿಭಾವಂತ ಮಕ್ಕಳಿಗೆ ಬೇರೆ ವಿಭಾಗವೇ ಇದೆ ಸರ್. ಇವಳನ್ನ ನೇರವಾಗಿ ಎಂಟನೇ ಕ್ಲಾಸಿಗೇ ಕೂರಿಸಬಹುದು."

'ಸರ್' ಕೇಳಿ ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. ಮಗಳ ಬೆನ್ನು ತಟ್ಟಿದ. "ಕೇಳಮ್ಮ, ನಿನ್ನ ಲಿಫ್ಟಿನ ಪ್ರಶ್ನೆ ಕೇಳು."

ಯಾಕಮ್ಮ ನೆಲ ನೋಡುತ್ತ ಕೇಳಿದಳು.

"ವೆರಿ ಗುಡ್ ಕ್ವೆಶ್ಚನ್! ಅದು ಒಂಬತ್ತನೇ ಕ್ಲಾಸಿನ ಸಿಲಬಸ್‌ನಲ್ಲಿ ಬರುತ್ತೆ ಪುಟ್ಟಾ."

"ಯಾವ ಪಾಠದಲ್ಲಿ ಮಿಸ್?"

"ಬಾ, ಮೊದಲು ಫೋಟೋ ತೆಗೆಸೋಣ."

ಲ್ಯಾಬು, ಲೈಬ್ರರಿ ಎರಡೂ ನಾಲ್ಕನೇ ಮಹಡಿಯಲ್ಲಿ ಇವೆಯೆಂದು ಅವರು ಹೇಳಿದರು. ಲಿಫ್ಟಿನೊಳಗೆ ಕಾಲಿಟ್ಟ ಮೇಸ್ತ್ರಿಯ ಕಣ್ಣು ಗುಂಡಿಗಳ ಮೇಲೆ ಬಿತ್ತು. ಆಫೀಸಿರುವ ಒಂದನೇ ಮಹಡಿಯ ಗುಂಡಿ ಅರ್ಧ ಅಳಿಸಿದೆ. ಸಭಾಂಗಣವಿರುವ ಎರಡರದ್ದು ಮಸುಕಾಗಿದೆ. ನಾಲ್ಕರ ಗುಂಡಿಯ ಮೇಲೆ ಕಾರ್ಖಾನೆಯಿಂದ ಬಂದಾಗ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇದೆ!

"ಈ ಲಿಫ್ಟ್ ಹಾಕಿ ಎಷ್ಟು ವರ್ಷ ಆಯ್ತು?"

"ಐದು ವರ್ಷ ಸರ್."

ಮೇಸ್ತ್ರಿ ಉಗುರಿನಿಂದ ಆ ಪ್ಲಾಸ್ಟಿಕ್ ಕಿತ್ತು ಅವರ ಅಂಗೈಯಲ್ಲಿಟ್ಟು, ಮಗಳ ಕೈ ಹಿಡಿದು ಹೊರಬಿದ್ದ. ಬೀದಿಗೆ ಬಂದ ಮೇಲೆ ಯಾಕಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು. ತನ್ನ ಉಪಾಯ ಎಷ್ಟು ಚೆಂದ ಕೆಲಸ ಮಾಡಿತೆಂದು ಮೇಸ್ತ್ರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡನೆಯದು ಹಂಚಿನ ಶಾಲೆ. ಒಂದೇ ಅಂತಸ್ತು, ಆರು ಕೋಣೆ. ಬೆಂಚುಗಳೂ ಹಳೆಯವು, ಗೋಡೆಯೂ ಹಳೆಯದು. ಅಲ್ಲಿ ಎಲ್ಲವೂ ಒಂದೇ ಸಮ ಸವೆದಿತ್ತು. ಇಂಥ ಕಡೆ ಅವನ ಕಣ್ಣಿಗೆ ಏನೂ ಸಿಕ್ಕದು. ಕ್ಲಾಸಿನಿಂದ ಹೊರಬಂದ ಗಣಿತದ ಟೀಚರಿಗೆ ಐವತ್ತು ದಾಟಿತ್ತು. ತೋಳಿನ ತನಕ ಸೀಮೆಸುಣ್ಣ. ಮುಖ್ಯೋಪಾಧ್ಯಾಯರ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಪ್ರಶ್ನೆಯನ್ನು ನಿಂತುಕೊಂಡೇ ಕೇಳಿ, ನೋಟ್‌ಬುಕ್ ಇಸಿದುಕೊಂಡು ಗೀಟುಗಳ ಮೇಲೆ ಬೆರಳಾಡಿಸಿದರು.

"ಗೊತ್ತಿಲ್ಲ ಕಣಮ್ಮ" ಎಂದರು. "ನನಗೆ ಇದು ಹೊಳೆದೇ ಇರಲಿಲ್ಲ. ಇದೆಲ್ಲ ಎರಡನೇ ಮಹಡಿಯಲ್ಲಿ ನಿಂತು ಎಣಿಸಿದ್ದಾ? ಒಂಬತ್ತನೇ ಮಹಡಿಯಲ್ಲಿ ನಿಂತು ಎಣಿಸಿದೀಯಾ?"

"ಇಲ್ಲ ಟೀಚರ್."

ಮೇಸ್ತ್ರಿಯ ಕಿವಿಗೆ 'ಗೊತ್ತಿಲ್ಲ' ಅನ್ನುವ ಒಂದು ಮಾತು ಬಿಟ್ಟು ಬೇರೇನೂ ಬೀಳಲಿಲ್ಲ.

"ಗೊತ್ತಿಲ್ಲವಾ? ಗೊತ್ತಿಲ್ಲ ಅನ್ನೋಕೆ ಟೀಚರ್ ಯಾಕ್ರೀ ಬೇಕು? ನನಗೂ ಗೊತ್ತಿಲ್ಲ! ಹಾಗಾದ್ರೆ ನಾನೂ ಇಲ್ಲೇ ಬಂದು ಸಂಬಳ ತಗೊಂಡು ಕೂತ್ಕೊಳ್ಳಲಾ?"

ಕೋಣೆಯೊಳಗಿಂದ ಮಕ್ಕಳು ಕತ್ತು ಉದ್ದ ಮಾಡಿ ನೋಡಿದರು. ಟೀಚರ್ ಮುಖ ಕೆಂಪಾಯಿತು. ನೋಟ್‌ಬುಕ್ಕನ್ನು ಹುಡುಗಿಯ ಕೈಗೆ ಕೊಟ್ಟು ಒಳಗೆ ಹೋದರು. "ಅಪ್ಪಾ, ಅವರು ಏನೋ ಕೇಳಿದ್ರು..." ಎಂದು ಯಾಕಮ್ಮ ತೊದಲಿದಳು. "ನಡಿ ನಡಿ" ಎಂದ ಮೇಸ್ತ್ರಿ.

ಮೂರನೆಯದು ಕಲ್ಲಿನ ಶಾಲೆ. ದಪ್ಪ ಗೋಡೆ, ಉದ್ದ ಜಗಲಿ. ಅಂದು ಶನಿವಾರ; ಮಧ್ಯಾಹ್ನ ದಾಟಿತ್ತು, ಮಕ್ಕಳು ಮನೆಗೆ ಹೋಗಿ ಗುಮಾಸ್ತ ಒಬ್ಬನೇ ಉಳಿದಿದ್ದ. ಜಗಲಿಯ ಕೊನೆಯಲ್ಲಿ 'ವಿಜ್ಞಾನ ಪ್ರಯೋಗಾಲಯ' ಎಂದು ಬರೆದ ಬಾಗಿಲು. ಮೇಸ್ತ್ರಿ ಅದರ ಮುಂದೆ ಮಂಡಿಯೂರಿದ. ಹಿತ್ತಾಳೆಯ ಹಿಡಿಕೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಸಾವಿರಾರು ಕೈ ಹಿಡಿದು ಹಿಡಿದು ಅದರ ಅಂಚುಗಳೇ ಕರಗಿಹೋಗಿದ್ದವು. ಹೊಸ್ತಿಲ ಕಲ್ಲು ನಡುವೆ ಬಟ್ಟಲಿನಂತೆ ತಗ್ಗಾಗಿತ್ತು. ಉಳಿದ ಯಾವ ಕೋಣೆಯ ಹೊಸ್ತಿಲೂ ಹಾಗಿರಲಿಲ್ಲ.

"ನೋಡು ಮಗಳೇ! ಇಲ್ಲಿ ಮಕ್ಕಳು ಲ್ಯಾಬಿಗೆ ಹೇಗೆ ನುಗ್ತಾರೆ ನೋಡು! ಇದೇ. ಇನ್ನು ಮಾತಿಲ್ಲ."

"ಒಳಗೆ ನೋಡಬಹುದಾ?" ಎಂದಳು ಯಾಕಮ್ಮ.

ಕೀಲಿ ಜವಾನನ ಹತ್ತಿರ, ಜವಾನ ಊಟಕ್ಕೆ ಹೋಗಿದ್ದಾನೆ ಎಂದ ಗುಮಾಸ್ತ. "ಒಳಗೆ ನೋಡೋದೇನಿದೆ, ಹೊಸ್ತಿಲೇ ಎಲ್ಲಾ ಹೇಳ್ತಿದೆಯಲ್ಲ" ಎಂದು ಮೇಸ್ತ್ರಿ ಅಲ್ಲೇ ಅರ್ಜಿ ತುಂಬಿದ.

ಮನೆಯಲ್ಲಿ ಹೆಂಡತಿ ಕೇಳಿದಳು. "ಅವಳಿಗೆ ಯಾವುದು ಇಷ್ಟವಾಯ್ತು ಅಂತ ಕೇಳಿದ್ರಾ?"

"ಅವಳಿಗೇನು ಗೊತ್ತಾಗುತ್ತೆ? ನಾನು ಹೊಸ್ತಿಲು ನೋಡಿ ಬಂದಿದೀನಿ ಕಣೇ."

"ಮದುವೆಗೆ ಹೆಣ್ಣು ನೋಡೋಕೆ ಬಂದಾಗಲೂ ನೀವು ನಮ್ಮನೆ ಬಾಗಿಲ ಕೀಲನ್ನೇ ನೋಡ್ತಾ ಕೂತಿದ್ರಿ" ಎಂದು ಅವಳು ಯಂತ್ರ ತುಳಿದಳು.

"ಕೀಲು ಗಟ್ಟಿ ಇತ್ತು, ಅದಕ್ಕೇ ಒಪ್ಪಿದ್ದು!"

ಮೂರು ವಾರ ಕಳೆಯಿತು. ಯಾಕಮ್ಮ ಶಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಹೇಗಿದೆ ಎಂದರೆ "ಚೆನ್ನಾಗಿದೆ". ಲ್ಯಾಬ್ ಹೇಗಿದೆ ಎಂದರೆ "ದೊಡ್ಡದಿದೆ". ಸಂಜೆ ಒಂದು ಗಂಟೆ ತಡವಾಗಿ ಬರುತ್ತಿದ್ದಳು. ಲ್ಯಾಬಿನಲ್ಲಿ ಇರುತ್ತಾಳೆಂದು ಮೇಸ್ತ್ರಿ ಆಸ್ಪತ್ರೆಯ ವಾರ್ಡ್ ಹುಡುಗರಿಗೆಲ್ಲ ಹೇಳಿಕೊಂಡು ತಿರುಗಿದ.

ಒಂದು ಸಂಜೆ ಐದರ ಹೊತ್ತಿಗೆ ಒಂಬತ್ತನೇ ಮಹಡಿಯಿಂದ ದೂರು ಬಂತು, ಮೂರನೇ ಲಿಫ್ಟಿನ ಬಾಗಿಲು ಮುಚ್ಚುವಾಗ ಕಿರುಗುಟ್ಟುತ್ತಿದೆಯೆಂದು. ಎಣ್ಣೆ ಡಬ್ಬಿ ಹಿಡಿದು ಮೇಸ್ತ್ರಿ ಹೋದ. ಲಿಫ್ಟಿನ ಎದುರು, ರೋಗಿಗಳ ಕಡೆಯವರು ಕೂರುವ ಬೆಂಚಿನ ಮೇಲೆ, ಸಮವಸ್ತ್ರದಲ್ಲೇ ಯಾಕಮ್ಮ ಕೂತಿದ್ದಳು. ತೊಡೆಯ ಮೇಲೆ ನೋಟ್‌ಬುಕ್. ಲಿಫ್ಟಿನ ಮೇಲಿನ ಬಾಣದ ದೀಪ ನೋಡಿ ಒಂದು ಗೀಟು ಎಳೆದಳು. ಅಪ್ಪನನ್ನು ಕಂಡು ನೋಟ್‌ಬುಕ್ ಮುಚ್ಚಿದಳು.

"ಇಲ್ಲೇನು ಮಾಡ್ತಿದೀಯಾ?"

"ಎಣಿಸ್ತಿದೀನಿ. ಇಲ್ಲಿ ಎಲ್ಲ ತಿರುಗುಮುರುಗು ಅಪ್ಪಾ! ಇಲ್ಲಿ ಹೆಚ್ಚೂಕಮ್ಮಿ ಎಲ್ಲವೂ ಕೆಳಗಿಂದಲೇ ಬರುತ್ತೆ. ನಾಲ್ಕು, ಐದನೇ ಮಹಡಿಯಲ್ಲಿ ಸಮ ಸಮ." ಅವಳ ಮಾತು ಓಡತೊಡಗಿತು. "ಲಿಫ್ಟೇನು ಬೇಕಂತ ಮಾಡಲ್ಲ. ನಾನು ಎರಡರಲ್ಲಿ ನಿಂತಿದ್ರೆ ನನ್ನ ಮೇಲೆ ಬಹಳ ಮಹಡಿ, ಕೆಳಗೆ ಸ್ವಲ್ಪ. ಹಾಗಾಗಿ ಲಿಫ್ಟು ಯಾವಾಗಲೂ ಮೇಲೆಲ್ಲೋ ಇರೋ ಸಾಧ್ಯತೆಯೇ ಹೆಚ್ಚು. ಅದು ನಾನು ಎಲ್ಲಿ ನಿಂತಿದೀನಿ ಅನ್ನೋದರ ಮೇಲೆ ಇದೆ!"

ಮೇಸ್ತ್ರಿ ಎಣ್ಣೆ ಡಬ್ಬಿ ನೆಲಕ್ಕಿಟ್ಟು ಅವಳ ಪಕ್ಕ ಕೂತ. ಬಾಣದ ದೀಪ ನೋಡಿದ. ಲಿಫ್ಟು ಕೆಳಗಿನಿಂದ ಬಂತು. ಇನ್ನೊಂದು ಬಂತು, ಅದೂ ಕೆಳಗಿನಿಂದ. ತಾನೇ ಸಾಕಿದ ಹಸು ಮಾತಾಡಿದ್ದನ್ನು ಕೇಳಿದವನ ಹಾಗೆ ಬಾಯಿ ಬಿಟ್ಟುಕೊಂಡು ಕೂತ.

"ಎಲಾ! ಯಾರು ಹೇಳಿಕೊಟ್ರು? ಲ್ಯಾಬಿನ ಮೇಷ್ಟ್ರಾ?"

"ಆ ಹಂಚಿನ ಶಾಲೆ ಟೀಚರ್ ಕೇಳಿದ್ರಲ್ಲ, ಒಂಬತ್ತರಲ್ಲಿ ನಿಂತು ಎಣಿಸಿದೀಯಾ ಅಂತ. ಅವರಿಗೆ ತೋರಿಸಬೇಕಿತ್ತು. ಆದರೆ ನಾವು ಅಲ್ಲಿಗೆ ಹೋಗೋ ಹಾಗಿಲ್ಲವಲ್ಲ."

"ನಿನ್ನ ಲ್ಯಾಬಿನಲ್ಲೇ ತೋರಿಸು ಮತ್ತೆ."

ಯಾಕಮ್ಮ ಪೆನ್ಸಿಲಿನ ತುದಿ ಕಚ್ಚಿದಳು. "ಅಪ್ಪಾ, ಬೈಬೇಡ. ಅದು ಲ್ಯಾಬಲ್ಲ. ಅದರ ಹಿಂದೆ ಇನ್ನೊಂದು ಬಾಗಿಲಿದೆ, ಅದರಾಚೆ ನೀರಿನ ನಲ್ಲಿ. ಎಲ್ಲರೂ ನೀರು ಕುಡಿಯೋಕೆ ಅಲ್ಲೇ ಹಾದು ಹೋಗ್ತಾರೆ."

"ಯಾವಾಗ ಗೊತ್ತಾಯ್ತು ನಿನಗೆ?"

"ಮೊದಲನೇ ದಿನ. ಬಾಯಾರಿಕೆ ಆಗಿತ್ತು."

"ಹೇಳಬಾರದಿತ್ತಾ?"

"ಆ ಹೊಸ್ತಿಲು ನೋಡಿ ನೀನು ಎಷ್ಟು ಖುಷಿಯಾಗಿದ್ದೆ" ಎಂದಳು.

ಮರುದಿನ ಬೆಳಗ್ಗೆ ಮೇಸ್ತ್ರಿ ಕಲ್ಲಿನ ಶಾಲೆಗೆ ಹೋದ. ಕುದಿಯುತ್ತಲೇ ಹೋದ. ಬಾಗಿಲು ತೆರೆದಿತ್ತು. ಒಳಗೆ ಗೋಡೆಯುದ್ದಕ್ಕೂ ಮುರಿದ ಬೆಂಚುಗಳು ಒಂದರ ಮೇಲೊಂದು, ಕಪಾಟಿನ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ನಡುವೆ ಒಂದೇ ಒಂದು ಕಾಲುದಾರಿ ನುಣ್ಣಗೆ ನಲ್ಲಿಯ ಕಡೆಗೆ. ಮೂರು ಮಕ್ಕಳು ಬಾಟಲಿ ಹಿಡಿದು ಓಡಿಹೋದರು. ಯಾರ ಮೇಲೆ ಕೂಗುವುದು? ಇಲ್ಲಿ ಯಾರೂ ಅವನಿಗೆ ಸುಳ್ಳು ಹೇಳಿರಲಿಲ್ಲ. ಯಾರನ್ನೂ ಅವನು ಕೇಳಿಯೇ ಇರಲಿಲ್ಲ. ಕೋಪವನ್ನು ಎಲ್ಲಿಯೂ ಇಳಿಸಲಾಗದೆ ಹೊತ್ತುಕೊಂಡು ಹೊರಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಅಲ್ಲಿಂದ ಹಂಚಿನ ಶಾಲೆಯ ತನಕ ಐದು ನಿಮಿಷದ ದಾರಿ. ಮೇಸ್ತ್ರಿಗೆ ಅರ್ಧ ಗಂಟೆ ಹಿಡಿಯಿತು. ಟೀಚರ್ ಆಫೀಸಿನ ಮೇಜಿನ ಮುಂದೆ ಕೂತು ಹಾಜರಿ ಪುಸ್ತಕ ನೋಡುತ್ತಿದ್ದರು. ಇವನನ್ನು ಕಂಡು ಕನ್ನಡಕ ತೆಗೆದರು.

"ಮೇಡಂ, ಆವತ್ತು... ನನ್ನ ಬಾಯಿ ಸ್ವಲ್ಪ..."

"ಸ್ವಲ್ಪ ಅಲ್ಲ" ಎಂದರು ಟೀಚರ್.

"ಇಲ್ಲ. ಸ್ವಲ್ಪ ಅಲ್ಲ." ಅವನು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟ. "ಮಗಳು ಎಣಿಸಿದಾಳೆ. ಒಂಬತ್ತನೇದು, ಐದನೇದು, ನಾಲ್ಕನೇದು. ನಿಮಗೆ ತೋರಿಸಬೇಕು ಅಂತ."

ಟೀಚರ್ ಓದಿದರು. ಒಂದು ಪುಟ, ಇನ್ನೊಂದು ಪುಟ. ಪೆನ್ನು ತೆಗೆದು ಒಂದು ಕಡೆ ಏನೋ ಲೆಕ್ಕ ಹಾಕಿದರು. ಅವರಿಗೆ ತಮ್ಮಷ್ಟಕ್ಕೇ ನಗು ಬಂತು. "ಹೌದಲ್ಲ! ಎಷ್ಟು ಸುಲಭ. ಒಂದು ವಾರ ನನ್ನ ನಿದ್ದೆಗೆಡಿಸಿತ್ತು ಇದು. ಎಲ್ಲಿ ಅವಳು?"

"ಕಲ್ಲಿನ ಶಾಲೇಲಿ. ಅಲ್ಲಿಂದ ಬಿಡಿಸಿ ಇಲ್ಲಿಗೆ ಸೇರಿಸಬೇಕು ಮೇಡಂ. ತಪ್ಪು ನನ್ನದು."

"ಹದಿನೈದನೇ ತಾರೀಕು ಮುಗಿದು ಎಷ್ಟು ದಿನವಾಯ್ತು ಗೊತ್ತೇನ್ರೀ?"

ಗೊತ್ತಿತ್ತು. ಮೇಸ್ತ್ರಿಯ ಕೈಯಲ್ಲಿ ಹಿಡಿಯಲು ಒಂದು ಸ್ಪ್ಯಾನರ್ ಕೂಡ ಇರಲಿಲ್ಲ.

ವರ್ಷದ ನಡುವೆ ಮಗುವನ್ನು ಸೇರಿಸಿಕೊಳ್ಳಲು ಶಿಕ್ಷಣ ಕಚೇರಿಯ ಅನುಮತಿ ಬೇಕಿತ್ತು. ಟೀಚರ್ ಕಾಗದ ಬರೆದರು. ಉತ್ತರ ಬರಲಿಲ್ಲ. ತಮ್ಮ ರಜೆ ಹಾಕಿ ಬಸ್ಸಿನಲ್ಲಿ ತಾವೇ ಹೋದರು. ಸಾಹೇಬರು ಊರಲ್ಲಿಲ್ಲ ಎಂದರು ಅಲ್ಲಿನವರು. ಇನ್ನೊಂದು ರಜೆ ಹಾಕಿ ಮತ್ತೆ ಹೋದರು. ಸಂಜೆ ನಾಲ್ಕರ ತನಕ ಬಾಗಿಲ ಮುಂದೆ ಕೂತು, ಆ ನೋಟ್‌ಬುಕ್ಕನ್ನೇ ಸಾಹೇಬರ ಮುಂದೆ ಬಿಡಿಸಿಟ್ಟು ಸಹಿ ಹಾಕಿಸಿಕೊಂಡು ಬಂದರು. ತಮ್ಮನ್ನು ಎಲ್ಲ ಮಕ್ಕಳೆದುರು ಬೈದವನ ಮಗಳಿಗಾಗಿ! ಇದನ್ನು ಕೇಳಿದಾಗ ಮೇಸ್ತ್ರಿಯ ಹೆಂಡತಿ ಹೊಲಿಗೆ ನಿಲ್ಲಿಸಿ ಗಂಡನನ್ನು ಬರೀ ನೋಡಿದಳು. ಅದಕ್ಕಿಂತ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೇರಿಸಿದ ದಿನ ಮೇಸ್ತ್ರಿ ಕೈ ಮುಗಿದ. "ನಿಮ್ಮ ಋಣ ಹೇಗೆ ತೀರಿಸಲಿ ಮೇಡಂ? ಏನು ಬೇಕಾದರೂ ಹೇಳಿ."

"ಹೇಳ್ತೀನಿ. ಒಂದು ಪೀರಿಯಡ್ ಪಾಠ ಮಾಡಿ. ಲಿಫ್ಟಿನ ಒಳಗೆ ಏನೇನಿದೆ, ಹೇಗೆ ಏರುತ್ತೆ, ಹೇಗೆ ನಿಲ್ಲುತ್ತೆ. ನಲವತ್ತು ನಿಮಿಷ. ಅಷ್ಟೇ."

"ಅಷ್ಟೇನಾ? ಆಯ್ತು!" ಎಂದುಬಿಟ್ಟ.

ಮನೆಗೆ ಬಂದ ಮೇಲೆ ಬೆವರು ಶುರುವಾಯಿತು. ಅಂಗಡಿಯಿಂದ ಹೊಸ ನೋಟ್‌ಬುಕ್ ತಂದ. ಮೂರು ಪುಟ ಬರೆದ. ಮಗಳು ತಿದ್ದಿಕೊಟ್ಟಳು. ಹೇಳಿದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಕ್ಲಾಸಿನ ಬಾಗಿಲ ತನಕ ಹೋದ. ನಲವತ್ತು ಮಕ್ಕಳು ದಡಕ್ಕನೆ ಎದ್ದು ನಿಂತು "ನಮಸ್ಕಾರ ಸರ್" ಎಂದರು. ಆಸ್ಪತ್ರೆಯ ದೊಡ್ಡ ಡಾಕ್ಟರ ಮೇಲೂ ಏರಿ ಹೋಗುವ ಮನುಷ್ಯ ಕಪ್ಪು ಹಲಗೆ ನೋಡಿದ, ಮಕ್ಕಳನ್ನು ನೋಡಿದ, ಮೇಲೆ ನೋಡಿದ.

"ಫ್ಯಾನ್ ರಿಪೇರಿಗೆ ಬಂದೆ" ಎಂದ.

ನಿಜಕ್ಕೂ ರಿಪೇರಿ ಮಾಡಿದ. ಸ್ಟೂಲು ಹತ್ತಿ, ಚೆನ್ನಾಗಿಯೇ ತಿರುಗುತ್ತಿದ್ದ ಫ್ಯಾನನ್ನು ಬಿಚ್ಚಿ, ಗ್ರೀಸ್ ಹಾಕಿ ಜೋಡಿಸಿ ಹೋದ. ಮೂರನೇ ಬೆಂಚಿನಲ್ಲಿ ಯಾಕಮ್ಮ ತಲೆಯನ್ನು ಡೆಸ್ಕಿಗೆ ಹಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಆ ಶಾಲೆಯಲ್ಲಿ ಅವನು ಮುಟ್ಟದ ವಸ್ತುವಿಲ್ಲ. ಗಂಟೆ ಸರಿ ಮಾಡಿದ, ನೀರಿನ ಪಂಪು ಸರಿ ಮಾಡಿದ, ಗೇಟಿಗೆ ಹೊಸ ಕೀಲು ಹಾಕಿದ. ಪ್ರತಿ ಸಲವೂ ಟೀಚರ್ ಜಗಲಿಯಲ್ಲಿ ನಿಂತು, "ಬಹಳ ಉಪಕಾರವಾಯ್ತು ಮೇಸ್ತ್ರಿ. ಪೀರಿಯಡ್ ಯಾವಾಗ?" ಎನ್ನುತ್ತಿದ್ದರು. ಪ್ರತಿ ಸಲವೂ ಆಸ್ಪತ್ರೆಯಲ್ಲಿ ಯಾವುದೋ ಲಿಫ್ಟು ಕೆಟ್ಟಿರುತ್ತಿತ್ತು.

ಯಾಕಮ್ಮ ಅಲ್ಲಿ ಏಳು, ಎಂಟು ಮುಗಿಸಿ ದೊಡ್ಡ ಶಾಲೆಗೆ ಹೋದಳು. ಈಗ ಅವಳ ಪ್ರಶ್ನೆಗಳಿಗೆ ಮನೆಯಲ್ಲಿ ನಿಲ್ಲಲು ಜಾಗವಿಲ್ಲ. ಟೀಚರ್ ಹೋದ ವರ್ಷ ನಿವೃತ್ತರಾದರು. ಕೊನೆಯ ದಿನ ಮೇಸ್ತ್ರಿ ಹೋಗಿದ್ದ, ಅದೇ ಇಸ್ತ್ರಿ ಅಂಗಿಯಲ್ಲಿ. ಜನ ಬಹಳ ಇದ್ದರು. ಟೀಚರ್ ದೂರದಿಂದಲೇ ಅವನನ್ನು ಕಂಡು, ಗೋಡೆಯಲ್ಲಿದ್ದ ವೇಳಾಪಟ್ಟಿಯ ಕಡೆ ಕೈ ತೋರಿಸಿದರು. ಶನಿವಾರದ ಕೊನೆಯ ಪೀರಿಯಡ್ಡಿನ ಜಾಗದಲ್ಲಿ 'ಮೇಸ್ತ್ರಿ' ಎಂದು ಅವರ ಕೈಬರಹದಲ್ಲೇ ಬರೆದಿತ್ತು. ಎಷ್ಟು ದಿನದಿಂದ ಇತ್ತೋ ಏನೋ. ಅವನು ಅದನ್ನು ಓದಿ, ತಲೆ ತಗ್ಗಿಸಿ ಮನೆಗೆ ಬಂದ.

ಆ ಪಾಠ ಇನ್ನೂ ಆಗಿಲ್ಲ.